ಮೊದಲು ಮೂಡಣವೋ, ಬಡಗಣವೋ

ಮೇಲೂರಿನ ಕಡೆಯ ಯಾವುದಾದರೂ ಹಿಪ್ಪುನೇರಳೆ ತೋಟದ ಕ್ರಯಪತ್ರ ತೆಗೆದು ಕೊನೆಯ ಹಾಳೆಗೆ ಬನ್ನಿ. ಅಲ್ಲಿ ಷೆಡ್ಯೂಲು ಇರುತ್ತದೆ. ಸರ್ವೆ ನಂಬರು, ಎಕರೆ ಗುಂಟೆಯ ಲೆಕ್ಕ, ಅದರ ಕೆಳಗೆ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಸರ್ಕಾರಿ ಖರಾಬು, ದಕ್ಷಿಣಕ್ಕೆ ಕೆರೆ ಕಾಲುವೆ. ಪತ್ರ ಬರಹಗಾರರು ಬದಲಾಗುತ್ತಾರೆ, ಛಾಪಾ ಕಾಗದ ಹೋಗಿ ಕಂಪ್ಯೂಟರ್ ಬಂತು, ಆದರೆ ಈ ಸಾಲುಗಳ ಕ್ರಮ ಬದಲಾಗುವುದು ಅಪರೂಪ. ಮೊದಲು ಪೂರ್ವ ಪಶ್ಚಿಮ, ಆಮೇಲೆ ಉತ್ತರ ದಕ್ಷಿಣ. ಮನೆ ಕಟ್ಟುವ ನಿವೇಶನವಾದರೆ ಅಳತೆ ಹೇಳುವುದೂ ಹೀಗೆಯೇ: ಪೂರ್ವ ಪಶ್ಚಿಮ 30 ಅಡಿ, ಉತ್ತರ ದಕ್ಷಿಣ 40 ಅಡಿ.

ಈಗ ಅದೇ ತೋಟದ ಬದುವಿನ ಮೇಲೆ ನಿಂತು ಮೊಬೈಲಿನ ನಕ್ಷೆಯಲ್ಲಿ ಬೆರಳು ಒತ್ತಿ ಹಿಡಿಯಿರಿ. ಅಲ್ಪವಿರಾಮದ ಆಚೆಗೊಂದು ಈಚೆಗೊಂದು ಸಂಖ್ಯೆ ಕಾಣಿಸುತ್ತದೆ. ಮೊದಲನೆಯದು ಹದಿಮೂರು ಚಿಲ್ಲರೆ, ಎರಡನೆಯದು ಎಪ್ಪತ್ತೇಳು ಚಿಲ್ಲರೆ. ಹದಿಮೂರು ಎಂದರೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ಡಿಗ್ರಿ ಎಂಬುದು, ಅಕ್ಷಾಂಶ. ಎಪ್ಪತ್ತೇಳು ಎಂದರೆ ಗ್ರೀನಿಚ್‌ನಿಂದ ಪೂರ್ವಕ್ಕೆ ಎಷ್ಟು ಎಂಬುದು, ರೇಖಾಂಶ. ಕ್ರಯಪತ್ರ ಪೂರ್ವದಿಂದ ಶುರುವಾಗಿತ್ತು, ಮೊಬೈಲು ಉತ್ತರದಿಂದ ಶುರುವಾಗಿದೆ. ಒಂದೇ ನೆಲ, ಹೇಳುವ ಕ್ರಮ ತಿರುವುಮುರುವು.

ಊರಿನ ಹೆಸರಿರುವಾಗ ಈ ಸಂಖ್ಯೆಗಳ ಗೊಡವೆ ಯಾಕೆ ಎಂದರೆ ಅದಕ್ಕೂ ಮೇಲೂರೇ ಉತ್ತರ. ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ಈ ಮೇಲೂರಿನ ಹಾಗೆ ತಮಿಳುನಾಡಿನ ಮಧುರೆ ಜಿಲ್ಲೆಯಲ್ಲೊಂದು ಮೇಲೂರು ಪಟ್ಟಣವಿದೆ, ಕೇರಳದ ತ್ರಿಶೂರು ಜಿಲ್ಲೆಯಲ್ಲಿ ಇನ್ನೊಂದಿದೆ. ಮೇಲ್ಗಡೆ ಇರುವ ಊರನ್ನು ಮೇಲೂರು ಎನ್ನದೆ ಇನ್ನೇನು ಎನ್ನಬೇಕು! ಹೆಸರು ಹತ್ತಾರು ಕಡೆ ಹಂಚಿಹೋಗಬಹುದು. ಅಕ್ಷಾಂಶ ರೇಖಾಂಶದ ಜೋಡಿ ಭೂಮಿಯ ಮೇಲೆ ಒಂದೇ ಜಾಗಕ್ಕೆ ಸಲ್ಲುತ್ತದೆ. ಆದರೆ ಒಂದು ಷರತ್ತು. ಯಾವುದು ಯಾವುದೆಂಬುದು ಬರೆದವರಿಗೂ ಓದುವವರಿಗೂ ಒಂದೇ ರೀತಿ ತಿಳಿದಿರಬೇಕು.

ತಿಳಿಯದಿದ್ದರೆ ಏನಾಗುತ್ತದೆ? ಅದೇ ಜಿಲ್ಲೆಯ ಚಿಂತಾಮಣಿ ಪಟ್ಟಣ ಸುಮಾರು 13.40 ಡಿಗ್ರಿ ಉತ್ತರ, 78.06 ಡಿಗ್ರಿ ಪೂರ್ವದಲ್ಲಿದೆ. ಎರಡನ್ನೂ ಅದಲುಬದಲು ಮಾಡಿ 78.06 ಉತ್ತರ, 13.40 ಪೂರ್ವ ಎಂದು ಹುಡುಕಿದರೆ ನಕ್ಷೆ ನೇರ ಉತ್ತರ ಧ್ರುವದ ದಿಕ್ಕಿಗೆ ಓಡುತ್ತದೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ಸ್ಪಿಟ್ಸ್‌ಬರ್ಗನ್ ಎಂಬ ದೊಡ್ಡ ದ್ವೀಪ. ಅದರ ಪಶ್ಚಿಮ ಕರಾವಳಿಯಲ್ಲಿ ಕಾಪ್ ಲಿನ್ನೆ ಎಂಬ ಭೂಶಿರ. ಅಲ್ಲಿಂದ ಐದಾರು ಕಿಲೋಮೀಟರ್ ಆಚೆ, ಕೊರೆಯುವ ಸಮುದ್ರದಲ್ಲಿ ಚಿಂತಾಮಣಿ ತೇಲುತ್ತಿರುತ್ತದೆ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಕೂಡ ಅದೇ ಕರಾವಳಿಗುಂಟ ಒಂದರ ಕೆಳಗೊಂದು ಸಾಲಾಗಿ ನೀರಿಗೆ ಬೀಳುತ್ತವೆ. ಶಿಡ್ಲಘಟ್ಟಕ್ಕೂ ಅದರ ಈ ಧ್ರುವದ ನೆರಳಿಗೂ ನಡುವೆ ಹತ್ತಿರ ಹತ್ತಿರ ಎಂಟು ಸಾವಿರ ಕಿಲೋಮೀಟರ್. ಕಾಪ್ ಲಿನ್ನೆಗೆ ಆ ಹೆಸರು ಬಂದದ್ದು ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನ್ನೇಯಸ್‌ನಿಂದ. ರೇಷ್ಮೆಹುಳುವಿಗೆ ಬಾಂಬಿಕ್ಸ್ ಮೋರಿ ಎಂಬ ವೈಜ್ಞಾನಿಕ ಹೆಸರು ಕೊಟ್ಟು 1758ರಲ್ಲಿ ದಾಖಲಿಸಿದವನೂ ಅವನೇ. ರೇಷ್ಮೆಗೂಡಿನ ಮಾರುಕಟ್ಟೆಯ ಸೀಮೆಯೊಂದು ದಾರಿ ತಪ್ಪಿ ಹೋಗಿ ಅವನ ಹೆಸರಿನ ಭೂಶಿರದ ಎದುರು ನಿಲ್ಲುವುದು ಬರೀ ಕಾಕತಾಳೀಯ, ಆದರೂ ಮನಸ್ಸಿನಲ್ಲಿ ಉಳಿಯುವಂಥದ್ದು.

ಕರ್ನಾಟಕದವರಿಗೆ ಇದರಲ್ಲೊಂದು ವಿಶೇಷ ತೊಂದರೆಯಿದೆ. ಅಕ್ಷಾಂಶ ಯಾವತ್ತೂ 90 ದಾಟುವಂತಿಲ್ಲ, ಧ್ರುವ ಬಂದರೆ ಅಲ್ಲಿಗೆ ಮುಗಿಯಿತು. ಗುವಾಹಟಿಯ ರೇಖಾಂಶ 91 ದಾಟುತ್ತದೆ. ಅದನ್ನು ಯಾರಾದರೂ ಅಕ್ಷಾಂಶದ ಜಾಗದಲ್ಲಿ ತುಂಬಿದರೆ ಯಂತ್ರ ತಕ್ಷಣ ತಕರಾರು ಎತ್ತುತ್ತದೆ. ಅಮೆರಿಕದ ಪಶ್ಚಿಮ ತೀರದ ರೇಖಾಂಶಕ್ಕೆ ಋಣ ಚಿಹ್ನೆಯಿದೆ, ಸಂಖ್ಯೆಯೂ ನೂರರ ಮೇಲೆ. ಅಲ್ಲೂ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ನಮ್ಮ ರಾಜ್ಯವಿರುವುದು 74ರಿಂದ 78 ಚಿಲ್ಲರೆ ಡಿಗ್ರಿ ರೇಖಾಂಶದ ನಡುವೆ. ಈ ಸಂಖ್ಯೆಗಳು ಅಕ್ಷಾಂಶವಾಗಿಯೂ ಸಲ್ಲುತ್ತವೆ. ಹಾಗಾಗಿ ತಪ್ಪು ಸದ್ದಿಲ್ಲದೆ ಒಳಗೆ ನುಸುಳುತ್ತದೆ. ಕೃಷಿ ಹೊಂಡದ ಫೋಟೋ, ಬೆಳೆ ಸಮೀಕ್ಷೆಯ ಫೋಟೋ, ಕೊಳವೆಬಾವಿಯ ಪಟ್ಟಿ, ಎಲ್ಲದಕ್ಕೂ ಈಗ ಈ ಜೋಡಿಸಂಖ್ಯೆ ಅಂಟಿಕೊಂಡಿರುತ್ತದೆ. ನರೇಗಾ ಕಾಮಗಾರಿಗಳಿಗೆ ಜಿಯೋಟ್ಯಾಗ್ ಶುರುವಾದದ್ದು 2016ರಲ್ಲಿ. ಕೈಯಿಂದ ಬರೆದು ಕಂಪ್ಯೂಟರಿಗೆ ತುಂಬಿದ ಪಟ್ಟಿಯಲ್ಲಿ ಎರಡು ಕಾಲಂ ಹಿಂದುಮುಂದಾದರೆ ಒಂದು ಪಂಚಾಯಿತಿಯ ಹೊಂಡಗಳೆಲ್ಲ ಗ್ರೀನ್‌ಲ್ಯಾಂಡ್ ಸಮುದ್ರದ ಪಾಲು.

ಇಷ್ಟಕ್ಕೂ ಇಂಥದೊಂದು ತಪ್ಪು ನಡೆದರೂ ಅದು ನಂಬುವ ಹಾಗೆಯೇ ಕಾಣಬಹುದು ಎನ್ನುವುದು ಇನ್ನೂ ಕಳವಳದ ವಿಷಯ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಬೀದರ್ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಸತ್ತವರು ಸುಮಾರು ಹತ್ತು ಸಾವಿರ. ಕಂಪನದ ಕೇಂದ್ರ ಸುಮಾರು 18.1 ಉತ್ತರ, 76.5 ಪೂರ್ವ. ತಿರುಗಿಸಿ ಇಟ್ಟರೆ ಅದು ಸ್ಪಿಟ್ಸ್‌ಬರ್ಗನ್ನಿನ ದಕ್ಷಿಣ ತುದಿಯ ಆಚೆಯ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿಂದ ಹೆಚ್ಚು ದೂರವಲ್ಲದ ಸ್ಟೂರ್‌ಫ್ಯೋರ್ಡ್ ಎಂಬ ಕೊಲ್ಲಿಯಲ್ಲಿ 2008ರ ಫೆಬ್ರುವರಿ 21ರಂದು 6.1 ತೀವ್ರತೆಯ ಭೂಕಂಪ ನಿಜವಾಗಿಯೇ ಆಯಿತು, 77.08 ಉತ್ತರ, 18.57 ಪೂರ್ವದಲ್ಲಿ. ಈಗ ಇದನ್ನು ತಿರುಗಿಸಿ. ಅದು ಬಂದು ಬೀಳುವುದು ಉದ್ಗೀರಿನಿಂದ ಉತ್ತರಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ಮತ್ತೆ ಲಾತೂರು ಸೀಮೆಯಲ್ಲೇ! ಎರಡೂ ಕಡೆ ಭೂಮಿ ನಡುಗಿದ್ದು ಸತ್ಯ. ಸಂಖ್ಯೆಗಳು ಮಾತ್ರ ಕೈಯಲ್ಲಿದ್ದು ದಿಕ್ಕಿನ ಹೆಸರು ಇಲ್ಲದಿದ್ದರೆ ಯಾವುದು ಎಲ್ಲಿಯದು ಎಂದು ಪಟ್ಟಿ ನೋಡಿ ಹೇಳಲಾಗದು.

ಹಾಗಾದರೆ ಸರಿಯಾದ ಕ್ರಮ ಯಾವುದು?

ಸರಿ ತಪ್ಪಿನ ಮಾತಿಗಿಂತ ಮೊದಲು, ಎರಡು ಅಭ್ಯಾಸಗಳೂ ಎಲ್ಲಿಂದ ಬಂದವೆಂದು ನೋಡಬೇಕು. ಎರಡಕ್ಕೂ ತಮ್ಮದೇ ನ್ಯಾಯವಿದೆ. ಅಕ್ಷಾಂಶವನ್ನು ಮೊದಲು ಹೇಳುವುದು ಆಕಾಶ ನೋಡಿ ಊರು ಕಂಡುಕೊಂಡವರ ರೂಢಿ. ಸಮತಟ್ಟಾದ ನೆಲದಲ್ಲಿ ಹನ್ನೆರಡು ಅಂಗುಲದ ಶಂಕುವನ್ನು ನೆಟ್ಟಗೆ ನಿಲ್ಲಿಸಿ, ಹಗಲು ರಾತ್ರಿ ಸಮನಾಗುವ ವಿಷುವದ ದಿನ ನಡುಮಧ್ಯಾಹ್ನದ ನೆರಳನ್ನು ಅಳೆದರೆ ಸಾಕು, ಆ ಊರಿನ ಅಕ್ಷಾಂಶ ಸಿಕ್ಕಂತೆ. ಪಂಚಾಂಗದವರು ಈ ನೆರಳನ್ನು ಪಲಭಾ ಎನ್ನುತ್ತಾರೆ. ಶಿಡ್ಲಘಟ್ಟದಲ್ಲಿ ಅದು ಮೂರು ಅಂಗುಲಕ್ಕೆ ತುಸು ಕಡಿಮೆ, 2.86ರಷ್ಟು. ಇದಕ್ಕೆ ಗಡಿಯಾರ ಬೇಡ, ಇನ್ನೊಂದು ಊರಿನ ಸಂಗಡ ಮಾತುಕತೆ ಬೇಡ. ಒಬ್ಬನೇ ಮನುಷ್ಯ, ಒಂದು ಕೋಲು, ಒಂದು ಬಿಸಿಲಿನ ದಿನ.

ರೇಖಾಂಶ ಅಷ್ಟು ಸುಲಭಕ್ಕೆ ಒಲಿಯುವುದಲ್ಲ. ಅದು ಎರಡು ಊರುಗಳ ನಡುವಿನ ಹೊತ್ತಿನ ವ್ಯತ್ಯಾಸ. ಸಿದ್ಧಾಂತ ಜ್ಯೋತಿಷದವರು ಲಂಕೆ, ಉಜ್ಜಯಿನಿ, ಕುರುಕ್ಷೇತ್ರಗಳ ಮೇಲೆ ಹಾದುಹೋಗುವ ರೇಖೆಯನ್ನು ಮೂಲವೆಂದು ಹಿಡಿದು, ಅಲ್ಲಿಂದ ಎಷ್ಟು ದೂರ ಎಂಬುದನ್ನು ದೇಶಾಂತರ ಎಂದು ಲೆಕ್ಕಹಾಕಿದರು. ಎರಡು ಊರುಗಳಲ್ಲಿ ಒಂದೇ ಗ್ರಹಣವನ್ನು ಕಂಡ ಹೊತ್ತುಗಳನ್ನು ಹೋಲಿಸುವುದು ಒಂದು ದಾರಿಯಾಗಿತ್ತು. ಹಡಗಿನವರಿಗಂತೂ ಅದು ಶತಮಾನಗಳ ಕಾಲ ಪ್ರಾಣಸಂಕಟವೇ ಆಗಿತ್ತು. ಇಂಗ್ಲೆಂಡಿನ ಬಡಗಿಯ ಮಗ ಜಾನ್ ಹ್ಯಾರಿಸನ್ ಮಾಡಿದ ಸಮುದ್ರ ಗಡಿಯಾರ 1761ರಲ್ಲಿ ಜಮೈಕಾದ ಕಡೆ ಹೊರಟು ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ಅವರಿಗೊಂದು ದಾರಿ ಕಂಡದ್ದು. ಗ್ರೀನಿಚ್ ಸೊನ್ನೆ ಎಂದು ಒಪ್ಪಿದ್ದು ಇನ್ನೂ ಈಚೆಗೆ, 1884ರ ವಾಷಿಂಗ್ಟನ್ ಸಮ್ಮೇಳನದಲ್ಲಿ. ಮೊದಲು ಖಚಿತವಾಗಿ ಗೊತ್ತಾದದ್ದನ್ನು ಮೊದಲು ಬರೆದರು, ಕಷ್ಟಪಟ್ಟು ಅಂದಾಜು ಮಾಡಿದ್ದನ್ನು ಆಮೇಲೆ. ಅಕ್ಷಾಂಶ ಮೊದಲಾಗುವುದರ ಹಿಂದೆ ಈ ಅನುಭವವಿದೆ ಎಂದು ಧಾರಾಳವಾಗಿ ನಂಬಬಹುದು.

ರೇಖಾಂಶವೆಂಬುದು ಹೊತ್ತು ಎನ್ನುವುದಕ್ಕೆ ಇಲ್ಲೇ ಒಂದು ಲೆಕ್ಕ ಸಿಗುತ್ತದೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ. ಶಿಡ್ಲಘಟ್ಟ ಅದಕ್ಕಿಂತ 4.64 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಹದಿನೆಂಟೂವರೆ ನಿಮಿಷ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯ ಗೋಡೆ ಗಡಿಯಾರ ಹನ್ನೆರಡು ತೋರಿಸಿದಾಗ ಆ ಊರಿನ ಸ್ವಂತ ಸರಾಸರಿ ಕಾಲ ಇನ್ನೂ ಹನ್ನೊಂದೂ ನಲವತ್ತೊಂದು.

ರೇಖಾಂಶವನ್ನು ಮೊದಲು ಬರೆಯುವವರೇನೂ ನಿನ್ನೆ ಮೊನ್ನೆಯವರಲ್ಲ. ಎರಡನೆಯ ಶತಮಾನದ ಟಾಲೆಮಿ ತನ್ನ ಭೂಗೋಳದ ಗ್ರಂಥದಲ್ಲಿ ಸುಮಾರು ಎಂಟು ಸಾವಿರ ಸ್ಥಳಗಳ ಪಟ್ಟಿ ಕೊಟ್ಟ. ಅದರಲ್ಲಿ ಮೊದಲು ಬರುವುದು ರೇಖಾಂಶ, ಆಮೇಲೆ ಅಕ್ಷಾಂಶ. ಅವನಿಗೆ ಗೊತ್ತಿದ್ದ ಲೋಕ ಪಶ್ಚಿಮದಿಂದ ಪೂರ್ವಕ್ಕೆ ಉದ್ದ, ದಕ್ಷಿಣೋತ್ತರ ಅಗಲ ಕಡಿಮೆ. ಉದ್ದ ಮೊದಲು, ಅಗಲ ಆಮೇಲೆ ಎಂದು ಬರೆಯುವುದು ಅವನಿಗೆ ಸಹಜವಾಗಿತ್ತು. ಶಾಲೆಯ ಗಣಿತವೂ ಇದೇ ದಾರಿಯದು. ಒಂಬತ್ತನೇ ತರಗತಿಯ ಹುಡುಗಿ ಗ್ರಾಫ್ ಹಾಳೆಯ ಮೇಲೆ ಬಿಂದು ಗುರುತಿಸುವಾಗ ಮೊದಲು ಅಡ್ಡಕ್ಕೆ ಎಣಿಸುತ್ತಾಳೆ, ಆಮೇಲೆ ಮೇಲಕ್ಕೆ. ಮುಂದಿನ ಪೀರಿಯಡ್‌ನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ಭೂಪಟ ತೂಗುಹಾಕಿ ಅಕ್ಷಾಂಶ ಮೊದಲು ಹೇಳಿಸುತ್ತಾರೆ, ಎಂದರೆ ಮೊದಲು ಮೇಲಕ್ಕೆ, ಆಮೇಲೆ ಅಡ್ಡಕ್ಕೆ. ಒಂದೇ ಬೆಂಚಿನಲ್ಲಿ ಕೂತ ಮಗುವಿಗೆ ಅರ್ಧ ಗಂಟೆಯ ಅಂತರದಲ್ಲಿ ಎರಡು ಕ್ರಮ. ಇವೆರಡೂ ಒಂದೇ ವಿಷಯದ ಎರಡು ಬರಹಗಳು ಎಂದು ಆ ತರಗತಿಯಲ್ಲಿ ಯಾರಾದರೂ ಒಂದು ಮಾತು ಹೇಳಿದರೆ ಮುಂದೆ ಎಷ್ಟೋ ಗೊಂದಲ ತಪ್ಪುತ್ತದೆ.

ಕನ್ನಡದಲ್ಲಿ ನೆನಪಿಡಲು ಒಂದು ಅನುಕೂಲವೂ ಇದೆ. ವರ್ಣಮಾಲೆಯಲ್ಲಿ ಅಕಾರ ಮೊದಲು, ರಕಾರ ಬಹಳ ಹಿಂದೆ. ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ.

ಕಂಪ್ಯೂಟರ್ ಬರೆಯುವವರ ಲೋಕಕ್ಕೆ ಬಂದರೆ ಈ ಎರಡು ದಾರಿಗಳೂ ಅಕ್ಕಪಕ್ಕದಲ್ಲೇ ಇವೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 6709 ಎಂಬ ನಿಯಮ 1983ರಲ್ಲಿ ಬಂತು, 2008ರಲ್ಲಿ ಪರಿಷ್ಕಾರವಾಯಿತು. ಅದು ಅಕ್ಷಾಂಶವನ್ನೇ ಮೊದಲು ಇಡುತ್ತದೆ. ಜಿಪಿಎಸ್ ಲೆಕ್ಕಕ್ಕೆ ಎಲ್ಲರೂ ಬಳಸುವ ಇಪಿಎಸ್‌ಜಿ 4326 ಎಂಬ ಸಂಕೇತದ ವ್ಯಾಖ್ಯೆಯೂ ಅಕ್ಷಾಂಶ ಮೊದಲು ಎನ್ನುತ್ತದೆ. ಆದರೆ ನಕ್ಷೆಯ ಮಾಹಿತಿ ಸಾಗಿಸಲು ಬಹುತೇಕರು ನೆಚ್ಚಿರುವ ಜಿಯೋಜೇಸನ್ ಎಂಬ ಕಡತದ ರೂಪದಲ್ಲಿ ಮೊದಲು ರೇಖಾಂಶ. 2016ರ ಆಗಸ್ಟಿನಲ್ಲಿ ಹೊರಬಿದ್ದ ಅದರ ನಿಯಮಪತ್ರ ಅದನ್ನು ಖಡಾಖಂಡಿತವಾಗಿ ಹೇಳುತ್ತದೆ. ಪೋಸ್ಟ್‌ಜಿಐಎಸ್ ದತ್ತಾಂಶಕೋಶವೂ ಗ್ರಾಫ್ ಹಾಳೆಯ ಕ್ರಮದ್ದು. ಗೂಗಲ್ ಮ್ಯಾಪ್ಸ್‌ನಲ್ಲಿ ಹುಡುಕುವಾಗ ಅಕ್ಷಾಂಶ ಮೊದಲು ಬರೆಯಬೇಕು. ಗೂಗಲ್ ಅರ್ಥ್‌ನ ಕೆಎಂಎಲ್ ಕಡತವನ್ನು ಬಿಚ್ಚಿ ನೋಡಿದರೆ ಒಳಗೆ ರೇಖಾಂಶ ಮೊದಲು ಇರುತ್ತದೆ. ಒಂದೇ ಕಂಪನಿಯ ಎರಡು ಸಾಧನ, ಎರಡು ಕ್ರಮ. ಲೀಫ್‌ಲೆಟ್ ಎಂಬ ಜನಪ್ರಿಯ ನಕ್ಷೆ ಸಾಧನ ಅಕ್ಷಾಂಶದ ಕಡೆಯದು, ಮ್ಯಾಪ್‌ಬಾಕ್ಸ್ ರೇಖಾಂಶದ ಕಡೆಯದು. ಒಂದರಿಂದ ಇನ್ನೊಂದಕ್ಕೆ ದಾಟಿದ ಪ್ರತಿಯೊಬ್ಬ ಪ್ರೋಗ್ರಾಮರ್‌ಗೂ ತನ್ನ ಊರು ಒಂದು ಸಲವಾದರೂ ಸಮುದ್ರದಲ್ಲಿ ಕಂಡಿರುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಗೌರಿಬಿದನೂರಿಗೆ ಹೋದರೆ ಇದೇ ವಿಷಯದ ಇನ್ನೊಂದು ಮುಖ ಕಾಣುತ್ತದೆ. ಆ ಊರಿನ ಹತ್ತಿರ ಭೂಮಿಗೆ ಕಿವಿಗೊಟ್ಟವರೂ ಇದ್ದಾರೆ, ಆಕಾಶಕ್ಕೆ ಕಿವಿಗೊಟ್ಟವರೂ ಇದ್ದಾರೆ. ಇಂದಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಬ್ರಿಟನ್ನಿನ ನೆರವಿನೊಂದಿಗೆ 1965ರಲ್ಲಿ ಅಲ್ಲಿ ಭೂಕಂಪಮಾಪಕಗಳ ಸಾಲನ್ನು ಸ್ಥಾಪಿಸಿತು. ದೂರ ದೇಶಗಳ ನೆಲದಡಿಯ ಅಣುಸ್ಫೋಟವನ್ನು ಪತ್ತೆಹಚ್ಚುವುದು ಅದರ ಮುಖ್ಯ ಉದ್ದೇಶ. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಇಪ್ಪತ್ತು ಮಾಪಕಗಳು. ಒಂದೊಂದು ಕೈಯೂ ಇಪ್ಪತ್ತು ಕಿಲೋಮೀಟರಿಗಿಂತ ಉದ್ದ. ಒಂದೇ ಕಂಪನದ ಅಲೆ ಯಾವ ಮಾಪಕಕ್ಕೆ ಮೊದಲು, ಯಾವುದಕ್ಕೆ ಆಮೇಲೆ ತಲುಪಿತು ಎಂಬುದರಿಂದ ಅದು ಬಂದ ದಿಕ್ಕು ತಿಳಿಯುತ್ತದೆ. ಇಲ್ಲಿ ಮಾಪಕಗಳ ಜಾಗಗಳೇ ಅದಲುಬದಲಾದರೆ ಯಾವ ದೇಶದಲ್ಲಿ ಸ್ಫೋಟವಾಯಿತು ಎಂಬ ಉತ್ತರವೇ ಬೇರೆಯಾಗಿಬಿಡುತ್ತದೆ.

ಕಂಪನ ಈ ಜಿಲ್ಲೆಗೂ ಹೊಸದಲ್ಲ. 2021ರ ಡಿಸೆಂಬರ್ 22ರ ಬೆಳಿಗ್ಗೆ ಏಳು ಗಂಟೆ ದಾಟಿದ ಹೊತ್ತಿಗೆ ಚಿಕ್ಕಬಳ್ಳಾಪುರದ ಉತ್ತರದ ಹಳ್ಳಿಗಳಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ನೆಲ ಎರಡು ಸಲ ಅದುರಿತು. ತೀವ್ರತೆ ಮೂರರ ಆಸುಪಾಸು. ಆಗ ಹೊರಬಿದ್ದ ಪ್ರಕಟಣೆಗಳಲ್ಲಿ ಸ್ಥಳ ಹೇಳಿದ್ದು ಅಕ್ಷಾಂಶ ಮೊದಲು ಇಟ್ಟು, ಸುಮಾರು 13.6, 77.7 ಎಂದು. ಜಗತ್ತಿನ ಭೂಕಂಪ ಕೇಂದ್ರಗಳೆಲ್ಲ ಸಾಮಾನ್ಯವಾಗಿ ಹೀಗೆಯೇ ಹೇಳುತ್ತವೆ.

ಅದೇ ಗೌರಿಬಿದನೂರಿನ ಬಯಲಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಸೇರಿ ಕಟ್ಟಿದ ರೇಡಿಯೋ ದೂರದರ್ಶಕವಿದೆ. ತಟ್ಟೆಯಾಕಾರದ್ದಲ್ಲ, ಸಾವಿರ ಡೈಪೋಲ್ ಆಂಟೆನಾಗಳನ್ನು ಟಿ ಆಕಾರದಲ್ಲಿ ನೆಟ್ಟದ್ದು. ಪೂರ್ವ ಪಶ್ಚಿಮದ ಕೈ ಸುಮಾರು 1.4 ಕಿಲೋಮೀಟರ್, ದಕ್ಷಿಣದ ಕೈ ಸುಮಾರು 450 ಮೀಟರ್. 34.5 ಮೆಗಾಹರ್ಟ್ಸ್‌ನಲ್ಲಿ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯ ಶಂಕರ್ ಇಲ್ಲಿಂದ ತಯಾರಿಸಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ಈ ದೂರದರ್ಶಕ ಎಲ್ಲಿದೆ ಎಂದು ಕೇಳಿದರೆ 13.60 ಉತ್ತರ, 77.44 ಪೂರ್ವ ಎಂಬ ಉತ್ತರ ಬರುತ್ತದೆ. ಅದು ನೋಡುವ ನಕ್ಷತ್ರ ಎಲ್ಲಿದೆ ಎಂದು ಕೇಳಿದರೆ ಖಗೋಳದವರು ಮೊದಲು ವಿಷುವಾಂಶ ಹೇಳುತ್ತಾರೆ, ಆಮೇಲೆ ಘಂಟಾವೃತ್ತಾಂಶ. ವಿಷುವಾಂಶವೆಂದರೆ ಆಕಾಶದ ರೇಖಾಂಶವಿದ್ದ ಹಾಗೆ, ಘಂಟಾವೃತ್ತಾಂಶ ಆಕಾಶದ ಅಕ್ಷಾಂಶವಿದ್ದ ಹಾಗೆ. ನೆಲಕ್ಕೊಂದು ಕ್ರಮ, ಬಾನಿಗೆ ಅದರ ತಿರುವು.

ಆದರೂ ಖಗೋಳದವರು ಅಷ್ಟಾಗಿ ಎಡವುವುದಿಲ್ಲ. ಕಾರಣ ಸರಳ. ವಿಷುವಾಂಶವನ್ನು ಗಂಟೆ ನಿಮಿಷಗಳಲ್ಲಿ ಬರೆಯುವುದು ಅವರ ರೂಢಿ, ಘಂಟಾವೃತ್ತಾಂಶವನ್ನು ಡಿಗ್ರಿಗಳಲ್ಲಿ, ಅದೂ ಮುಂದೆ ಧನ ಅಥವಾ ಋಣ ಚಿಹ್ನೆ ಇಟ್ಟು. ಕ್ಯಾಸಿಯೋಪಿಯಾ ಎ ಎಂಬ ಪ್ರಬಲ ರೇಡಿಯೋ ಮೂಲದ ವಿಳಾಸ 23 ಗಂಟೆ 23 ನಿಮಿಷ, ಧನ 58 ಡಿಗ್ರಿ 49 ಕಲೆ. ಇದನ್ನು ಯಾರಾದರೂ ಹಿಂದುಮುಂದು ಮಾಡಿ ಬರೆದರೂ ಓದುವವರಿಗೆ ಯಾವುದು ಯಾವುದೆಂದು ತಿಳಿದೇ ತಿಳಿಯುತ್ತದೆ. ಸಂಖ್ಯೆ ತನ್ನ ಗುರುತನ್ನು ತಾನೇ ಹೊತ್ತು ನಡೆಯುತ್ತದೆ.

ಸರ್ವೆ ಇಲಾಖೆಯ ಹಳೆಯ ನಕ್ಷೆಗಳ ಸಂಖ್ಯೆಯಲ್ಲೂ ಒಂದು ಕ್ರಮ ಅಡಗಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ದೇಶವನ್ನು ನಾಲ್ಕು ಡಿಗ್ರಿ ಉದ್ದ ನಾಲ್ಕು ಡಿಗ್ರಿ ಅಗಲದ ಚೌಕಗಳಾಗಿ ಹೆಣೆದು ಸಂಖ್ಯೆ ಕೊಟ್ಟಿತು. 76ರಿಂದ 80 ಪೂರ್ವ, 12ರಿಂದ 16 ಉತ್ತರದ ಚೌಕಕ್ಕೆ 57. ಅದನ್ನು ಹದಿನಾರು ಭಾಗ ಮಾಡಿ ಎ ಇಂದ ಪಿ ವರೆಗೆ ಅಕ್ಷರ ಕೊಟ್ಟರು. ಅಕ್ಷರ ಸಾಗುವುದು ಪುಸ್ತಕ ಓದುವ ಹಾಗೆ ಎಡದಿಂದ ಬಲಕ್ಕಲ್ಲ. ಮೊದಲ ಕಂಬದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದು, ಮತ್ತೆ ಎರಡನೆಯ ಕಂಬದ ತಲೆಗೆ. ಎಂದರೆ ಮೊದಲು ರೇಖಾಂಶದ ಪಟ್ಟಿ ಹಿಡಿದು ಅದರೊಳಗೆ ಅಕ್ಷಾಂಶ ಹುಡುಕುವ ಕ್ರಮ. ಒಂದೊಂದು ಅಕ್ಷರದೊಳಗೂ ಮತ್ತೆ ಹದಿನಾರು ಹಾಳೆ, ಅದೇ ರೀತಿ ಕಂಬ ಕಂಬವಾಗಿ. ಹೀಗೆ ಶಿಡ್ಲಘಟ್ಟ 57 ಜಿ ಬೈ 15ರಲ್ಲಿದೆ, ಚಿಕ್ಕಬಳ್ಳಾಪುರ 57 ಜಿ ಬೈ 11ರಲ್ಲಿ, ಗೌರಿಬಿದನೂರು 57 ಜಿ ಬೈ 10ರಲ್ಲಿ. ಚಿಂತಾಮಣಿ ಮಾತ್ರ ಜಿ ಬಿಟ್ಟು 57 ಕೆ ಬೈ 3ಕ್ಕೆ ಹಾರಿದೆ.

ಆ ಹಾರಿಕೆಗೆ ಕಾರಣ 78 ಡಿಗ್ರಿ ರೇಖೆ. ಶಿಡ್ಲಘಟ್ಟದಿಂದ ಹದಿನೈದು ಕಿಲೋಮೀಟರ್ ಪೂರ್ವಕ್ಕೆ ಬಂದರೆ, ಕೈವಾರದ ಸುತ್ತಮುತ್ತ, ಆ ರೇಖೆ ಉತ್ತರ ದಕ್ಷಿಣವಾಗಿ ಹಾದುಹೋಗುತ್ತದೆ. ಚಿಂತಾಮಣಿ ಅದರಾಚೆ ಆರೇಳು ಕಿಲೋಮೀಟರ್. ನೆಲದ ಮೇಲೆ ಅದರ ಗುರುತೇನೂ ಇಲ್ಲ. ಆದರೆ ಭೂಮಾಪನದ ಚರಿತ್ರೆಯಲ್ಲಿ ಇದು ದೊಡ್ಡ ರೇಖೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಎಳೆದು ಮಹಾ ತ್ರಿಕೋನಮಿತಿ ಸರ್ವೆಗೆ ಕೈಹಾಕಿದ. 1804ರಲ್ಲಿ ಬೆಂಗಳೂರಿನ ಹತ್ತಿರವೂ ಒಂದು ಆಧಾರರೇಖೆ ಅಳೆದ. ಮುಂದೆ ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದ ಬುಡದವರೆಗೆ ಬೆಳೆದ ಮಹಾಚಾಪ ಸಾಗಿದ್ದು ಹೆಚ್ಚುಕಡಿಮೆ ಇದೇ 78 ಡಿಗ್ರಿಯ ಗುಂಟ.

ಈಗಿನ ಭೂಮಾಪಕರಿಗೂ ಈ ರೇಖೆ ಬಿಡದು. ಡಿಗ್ರಿಯ ಲೆಕ್ಕದಲ್ಲಿ ಗುಂಟೆ ಅಳೆಯುವುದು ತೊಡಕು. ಇಲ್ಲಿ ಅಕ್ಷಾಂಶದ ಒಂದು ಡಿಗ್ರಿ ಸುಮಾರು 110.6 ಕಿಲೋಮೀಟರ್ ಆದರೆ ರೇಖಾಂಶದ ಒಂದು ಡಿಗ್ರಿ 108 ಚಿಲ್ಲರೆ, ಎರಡೂ ಸಮವಲ್ಲ. ದಶಾಂಶದ ನಾಲ್ಕನೆಯ ಸ್ಥಾನಕ್ಕೆ ಹೋದರೆ ಒಂದಂಕಿಯ ಬೆಲೆ ಹನ್ನೊಂದು ಮೀಟರ್, ಎಂದರೆ ಸರಿಸುಮಾರು 33 ಅಡಿಯ ಗುಂಟೆಯ ಒಂದು ಬದಿ. ಬಾಂಡು ಕಲ್ಲು ನೆಡುವವರಿಗೆ ಇಷ್ಟು ಸಾಲದು, ಇನ್ನೂ ಎರಡು ಮೂರು ಸ್ಥಾನ ಬೇಕು. ಅದಕ್ಕೇ ಡಿಗ್ರಿಗಳನ್ನು ಮೀಟರಿಗೆ ಇಳಿಸುವ ಯುಟಿಎಂ ಪದ್ಧತಿ. ಭೂಮಿಯನ್ನು ಆರಾರು ಡಿಗ್ರಿಯ ಅರವತ್ತು ವಲಯಗಳಾಗಿ ಸೀಳಿ, ಪ್ರತಿ ವಲಯದಲ್ಲೂ ಪೂರ್ವಕ್ಕೆ ಇಷ್ಟು ಮೀಟರ್, ಉತ್ತರಕ್ಕೆ ಇಷ್ಟು ಮೀಟರ್ ಎಂದು ಹೇಳುತ್ತಾರೆ. ಪೂರ್ವದ ಅಳತೆಯೇ ಮೊದಲು. 72ರಿಂದ 78ರವರೆಗೆ 43ನೆಯ ವಲಯ, 78ರಿಂದ ಆಚೆ 44ನೆಯದು. ಹೀಗಾಗಿ ಶಿಡ್ಲಘಟ್ಟದಲ್ಲಿ ಪೂರ್ವದ ಅಳತೆ ಎಂಟು ಲಕ್ಷದ ಹತ್ತು ಸಾವಿರ ಮೀಟರ್ ಆಸುಪಾಸು ಇರುತ್ತದೆ. ಪೂರ್ವಕ್ಕೆ ಹೋದಷ್ಟೂ ಏರಬೇಕಾದ ಆ ಅಂಕಿ ಕೈವಾರದ ಹತ್ತಿರ ವಲಯ ಬದಲಾದ ಕೂಡಲೇ ಕುಸಿದು, ಚಿಂತಾಮಣಿಯಲ್ಲಿ ಒಂದು ಲಕ್ಷದ ಎಂಬತ್ತು ಸಾವಿರದ ಆಸುಪಾಸಿಗೆ ಬಂದು ನಿಲ್ಲುತ್ತದೆ. ವಲಯದ ಸಂಖ್ಯೆಯನ್ನು ಜೊತೆಗೆ ಬರೆಯದಿದ್ದರೆ ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳು ನೂರಾರು ಕಿಲೋಮೀಟರ್ ದೂರವಾದಂತೆ ಕಾಣುತ್ತವೆ.

ಇನ್ನೊಂದು ಎಡವಟ್ಟು ಕ್ರಮದ್ದಲ್ಲ, ಆದರೆ ಅದರ ಒಡಹುಟ್ಟಿದ್ದು. 13 ಡಿಗ್ರಿ 36 ಕಲೆ ಎಂಬುದನ್ನು 13.36 ಎಂದು ಬರೆದುಬಿಡುವುದು. ಅರವತ್ತು ಕಲೆಗೆ ಒಂದು ಡಿಗ್ರಿ, ಆದ್ದರಿಂದ ಅದು 13.60. ವ್ಯತ್ಯಾಸ ಇಪ್ಪತ್ತಾರು ಕಿಲೋಮೀಟರ್. ಗೌರಿಬಿದನೂರಿನ ದೂರದರ್ಶಕ ತಾಲ್ಲೂಕಿನ ಗಡಿಯನ್ನೇ ದಾಟಿ ದಕ್ಷಿಣಕ್ಕೆ ಜಾರಿಬಿಡುತ್ತದೆ.

ಇಷ್ಟೆಲ್ಲದರ ನಡುವೆ, ಎಲ್ಲರೂ ಒಂದೇ ಕ್ರಮಕ್ಕೆ ಬನ್ನಿ ಎಂದು ಆಜ್ಞೆ ಹೊರಡಿಸುವುದು ಆಗುವ ಮಾತಲ್ಲ. ಜಗತ್ತಿನ ಅರ್ಧ ಕಡತಗಳು ಒಂದು ಕಡೆ, ಇನ್ನರ್ಧ ಮತ್ತೊಂದು ಕಡೆ ಇವೆ. ಕರ್ನಾಟಕದ ಮಟ್ಟಿಗೆ ಕಾವಲು ಹಾಕುವುದು ಮಾತ್ರ ಬಹಳ ಸುಲಭ. ರಾಜ್ಯದ ಯಾವ ಜಾಗದ ಅಕ್ಷಾಂಶವೂ 19 ದಾಟುವುದಿಲ್ಲ, ಯಾವ ಜಾಗದ ರೇಖಾಂಶವೂ 74ಕ್ಕಿಂತ ಕೆಳಗಿಳಿಯುವುದಿಲ್ಲ. ಅಕ್ಷಾಂಶದ ಮನೆಯಲ್ಲಿ ಎಪ್ಪತ್ತರ ಮೇಲಿನ ಸಂಖ್ಯೆ ಬಂದು ಕೂತರೆ ತಡೆದು ಕೇಳು ಎಂದು ಆ್ಯಪ್ ಬರೆಯುವವರು ಒಂದು ಸಾಲು ಸೇರಿಸಿದರೆ ಒಂದು ಹೊಂಡವೂ ಸಮುದ್ರಕ್ಕೆ ಹೋಗದು. ಕೈಯಲ್ಲಿ ಬರೆಯುವವರು 13.39 ಉ., 77.86 ಪೂ. ಎಂದು ಒಂದೊಂದಕ್ಷರ ಹೆಚ್ಚು ಬರೆದರೆ ಆಯಿತು.

ಈ ಅಕ್ಷರದ ಬೆಲೆ ನಮ್ಮ ಹಿರಿಯರಿಗೆ ಗೊತ್ತಿತ್ತು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳಲ್ಲಿ 1905ರಲ್ಲಿ ಬಂದ ಹತ್ತನೆಯದು ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಈ ಸೀಮೆಯ ಶಾಸನಗಳೂ ಅದರಲ್ಲೇ ಸೇರಿವೆ. ಕನ್ನಡ ನಾಡಿನ ಭೂದಾನದ ಶಾಸನಗಳಲ್ಲಿ ಎಲ್ಲೆ ಹೇಳುವಾಗ ಸಾಮಾನ್ಯವಾಗಿ ಮೂಡಣದಿಂದ ಹೊರಟು ತೆಂಕಣ, ಪಡುವಣ, ಬಡಗಣ ಎಂದು ಪ್ರದಕ್ಷಿಣೆ ಬರುತ್ತಾರೆ. ಇಂದಿನ ಕ್ರಯಪತ್ರ ಆ ಸುತ್ತನ್ನು ಬಿಟ್ಟು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎನ್ನುತ್ತದೆ. ಕ್ರಮವೇನೋ ಬದಲಾಯಿತು. ಹಾಗೆಂದು ಕ್ರಮ ಬದಲಾದ ಕಾರಣಕ್ಕೆ ಯಾರ ಗದ್ದೆಯೂ ಇನ್ನೊಬ್ಬರದಾಗಲಿಲ್ಲ, ಏಕೆಂದರೆ ಪ್ರತಿ ಎಲ್ಲೆಯ ಮುಂದೆಯೂ ದಿಕ್ಕಿನ ಹೆಸರು ಬರೆದಿತ್ತು. ಕಲ್ಲಿನ ಮೇಲೆ ಉಳಿಯಿಂದ ಕೆತ್ತುವಾಗ ಒಂದೊಂದು ಅಕ್ಷರವೂ ಶ್ರಮ. ಆದರೂ ಆ ಹೆಸರನ್ನು ಬಿಡಲಿಲ್ಲ.

ಮೇಲೂರಿನ ತೋಟಕ್ಕೆ ಪೋಡಿ ಅಳತೆಗೆ ಭೂಮಾಪಕರು ಬಂದರೆ ಈಗ ಸರಪಳಿಯ ಜೊತೆಗೋ ಅದರ ಬದಲಿಗೋ ಉದ್ದ ಕೋಲಿನ ತುದಿಗೆ ಆಂಟೆನಾ ಸಿಕ್ಕಿಸಿದ ರೋವರ್ ಇರುತ್ತದೆ. ಬದುವಿನ ಮೂಲೆಯಲ್ಲಿ ಕೋಲು ಊರಿ, ಅದರ ಮಟ್ಟದ ಗುಳ್ಳೆ ನಡುವಿಗೆ ಬರುವ ತನಕ ಕಾಯುತ್ತಾರೆ. ಕೈಯಲ್ಲಿರುವ ಪುಟ್ಟ ಪರದೆಯ ಮೇಲೆ ಎರಡು ಸಾಲು ಮೂಡುತ್ತದೆ, ಮೊದಲು ಪೂರ್ವದ ಮೀಟರು, ಅದರ ಕೆಳಗೆ ಉತ್ತರದ್ದು. ಜಮೀನಿನವರು ಕ್ರಯಪತ್ರದ ಹಾಳೆ ಮಡಚಿ ಹಿಡಿದು ಪಕ್ಕದಲ್ಲಿ ನಿಂತಿರುತ್ತಾರೆ. ಅದರಲ್ಲಿಯೂ ಮೊದಲ ಸಾಲು ಪೂರ್ವಕ್ಕೆ ಎಂದೇ ಶುರುವಾಗಿದೆ.